ಕೂಗುವ ಜಟ್ಟೆಪ್ಪನ ಮೂಗು

ಮೇ ತಿಂಗಳ ನಡುಹಗಲಿನಲ್ಲಿ, ಹಾಸುಗಲ್ಲಿನ ಅಂಗಳ ಬರಿಗಾಲಿಗೆ ಬೊಬ್ಬೆ ತರಿಸುವ ಹೊತ್ತಿನಲ್ಲಿ, ಉಣ್ಣೆಯ ಕೋಟು ತೊಟ್ಟು ನಡೆಯುವ ಮನುಷ್ಯನನ್ನು ನನ್ನ ಜೀವಮಾನದಲ್ಲಿ ನಾನು ಕಂಡದ್ದು ಒಬ್ಬನನ್ನೇ. ಅವನು ಜಟ್ಟೆಪ್ಪ. ಬೂದು ಬಣ್ಣದ, ಮೊಣಕೈಯಲ್ಲಿ ತೇಪೆ ಕಂಡ, ಯಾರದೋ ಅಳತೆಗೆ ಹೊಲಿದ ಆ ಕೋಟಿನೊಳಗೆ ಅವನ ಸಣಕಲು ಶರೀರ ಬೆವರಿನಲ್ಲಿ ತೋಯ್ದು ಹೋಗುತ್ತಿತ್ತು. ಆದರೂ ಅವನು ಅದನ್ನು ಕಳಚುತ್ತಿರಲಿಲ್ಲ. ಎರಡು ಮೂರು ನಿಮಿಷಕ್ಕೊಮ್ಮೆ ಅವನ ಬಲಗೈ ತನ್ನಷ್ಟಕ್ಕೆ ತಾನೇ ಎದೆಯ ಎಡಭಾಗಕ್ಕೆ ಹೋಗಿ, ಏನನ್ನೋ ಮುಟ್ಟಿ, ಸಮಾಧಾನಗೊಂಡು ಕೆಳಗಿಳಿಯುತ್ತಿತ್ತು. ಹೊಸಬರು ಅವನನ್ನು ಹೃದ್ರೋಗಿಯೆಂದು ತಿಳಿದು ಕನಿಕರಪಡುತ್ತಿದ್ದರು. ಅಲ್ಲಿದ್ದದ್ದು ಮೂಗಿಗೆ ಹಾಕುವ ಔಷಧದ ಹೆಬ್ಬೆರಳು ಗಾತ್ರದ ಬಾಟಲಿ. ಒಮ್ಮೆ ಅಂಗಿಯ ಕಿಸೆಯಿಂದ ಅದು ಜಾರಿ ಬಸ್ಸಿನ ಗಾಲಿಗೆ ಸಿಕ್ಕಿ ಪುಡಿಯಾದಂದಿನಿಂದ, ಗುಂಡಿ ಹಾಕಬಹುದಾದ ಒಳಕಿಸೆಯುಳ್ಳ ಉಡುಪಿಲ್ಲದೆ ಜಟ್ಟೆಪ್ಪ ಹೊಸ್ತಿಲು ದಾಟಿದವನಲ್ಲ.

ಅವನ ನಡಿಗೆಯೂ ವಿಲಕ್ಷಣವಾಗಿತ್ತು. ಗದ್ದವನ್ನು ಮೇಲೆತ್ತಿ, ಬಾಯನ್ನು ಕೊಂಚ ತೆರೆದು, ಮೋಡ ಎಲ್ಲಿದೆಯೆಂದು ಆಕಾಶದಲ್ಲಿ ಹುಡುಕುವವನಂತೆ ನಡೆಯುತ್ತಿದ್ದ. ಯಾವ ಕೋಣೆಗೆ ಕಾಲಿಟ್ಟರೂ, ಅದು ಮದುವೆಯ ಮನೆಯಿರಲಿ ಮೈಲಿಗೆಯ ಮನೆಯಿರಲಿ, ಮೊದಲು ಕೇಳುತ್ತಿದ್ದ ಮಾತು ಒಂದೇ: “ಹವಾ ಯಾವ ಕಡಿಂದ ಬರ್ತದ್ರಿ?” ಗಾಳಿ ಬರುವ ಕಡೆ ತಿಳಿದ ಮೇಲೆಯೇ ಅವನು ಕೂರುತ್ತಿದ್ದದ್ದು, ಬಾಗಿಲಿಗೋ ಕಿಟಕಿಗೋ ಬೆನ್ನು ತಾಗುವಂತೆ, ಪಾದರಕ್ಷೆ ಬಿಚ್ಚದೆ, ಈಗಲೋ ಆಗಲೋ ಎದ್ದು ಓಡಬೇಕಾದವನ ಹಾಗೆ.

ನಾನು ಈ ಕಡೆಯ ಒಂದು ತಾಲ್ಲೂಕು ನ್ಯಾಯಾಲಯದಲ್ಲಿ ಮೂವತ್ತು ವರ್ಷಗಳಿಂದ ವಕೀಲಿ ಮಾಡಿಕೊಂಡಿರುವವನು. ಸೇಡಂ, ಚಿತ್ತಾಪುರ, ಚಿಂಚೋಳಿಗಳಲ್ಲಿ ಯಾವ ಊರಿನ ನ್ಯಾಯಾಲಯವೆಂದು ಹೇಳುವುದು ಇಲ್ಲಿ ಅನಗತ್ಯ. ಹೇಳಿದರೆ ನೊಂದುಕೊಳ್ಳುವವರು ಇದ್ದಾರೆ. ಜಟ್ಟೆಪ್ಪ ಅಲ್ಲಿಯ ಜವಾನ. ವಾಡಿಯಿಂದ ಪ್ರತಿದಿನ ಬಸ್ಸಿನಲ್ಲಿ ಬಂದು, ನ್ಯಾಯಾಲಯದ ಬಾಗಿಲಲ್ಲಿ ನಿಂತು, ಪ್ರಕರಣದ ಸರದಿ ಬಂದಾಗ ಕಕ್ಷಿದಾರರ ಹೆಸರನ್ನು ಮೂರು ಸಲ ಗಟ್ಟಿಯಾಗಿ ಕೂಗುವುದು ಅವನ ಕೆಲಸ. ನಮ್ಮಲ್ಲಿ ಇದಕ್ಕೆ ಪುಕಾರು ಎನ್ನುತ್ತಾರೆ. ಹಿಂದಿನ ಅವನ ಪುಕಾರನ್ನು ನಾನೇ ಕೇಳಿದ್ದೇನೆ: ಬಸ್‌ನಿಲ್ದಾಣದ ಬಳಿ ಚಹಾ ಕುಡಿಯುತ್ತಿದ್ದ ಕಕ್ಷಿದಾರ ಅರ್ಧ ಲೋಟ ಚೆಲ್ಲಿ ಓಡಿಬರುವಂತೆ ಕೂಗುತ್ತಿದ್ದ. ನಾನು ಹೇಳಹೊರಟ ಘಟನೆಗೆ ಒಂಬತ್ತು ವರ್ಷ ಮೊದಲು ಒಂದು ನೆಗಡಿ ಆ ಕಂಠವನ್ನು ಮುಟ್ಟಿತು.

ಅದು ಸಾಮಾನ್ಯ ನೆಗಡಿ. ಮಳೆಗಾಲ ಹಿಂದೆಗೆದು, ನ್ಯಾಯಾಲಯದ ಆವರಣದ ತುಂಬ ಕಾಂಗ್ರೆಸ್ ಹುಲ್ಲು ಬೆಳ್ಳಗೆ ಹೂವಾಡುವ ದಿನಗಳಲ್ಲಿ ಹತ್ತಿಕೊಂಡದ್ದು ಹೋಗಲೇ ಇಲ್ಲ. ಬೆಳಿಗ್ಗೆ ಎದ್ದರೆ ಮೂವತ್ತು ಸೀನು; ಆಮೇಲೆ ಎರಡೂ ಹೊಳ್ಳೆಗಳು ಗಾರೆ ಮೆತ್ತಿದಂತೆ ಮುಚ್ಚಿಹೋಗುತ್ತಿದ್ದವು. ಯಾರೋ ಹೇಳಿದರು, ಬಾಟಲಿ ತಂದ, ಎರಡೆರಡು ಹನಿ ಬಿಟ್ಟುಕೊಂಡ. ಕ್ಷಣದಲ್ಲಿ ಬಾಗಿಲು ತೆರೆದಂತೆ ಉಸಿರು ಒಳನುಗ್ಗಿತು. ಆ ಸುಖವನ್ನು ಅವನು ಹೆಂಡತಿ ಅಂಬುಬಾಯಿಯ ಮುಂದೆ ಎಷ್ಟು ವರ್ಣಿಸಿದನೆಂದರೆ, ಅವಳು ಇಂದಿಗೂ ಆಡಿಕೊಳ್ಳುತ್ತಾಳೆ: “ಈ ಮನಷ್ಯಾ ನನ್ ಸಂಗಟ ಲಗ್ನ ಆಗ್ಯಾನೋ, ಆ ಬಾಟ್ಲಿ ಸಂಗಟೋ, ದೇವ್ರಿಗೇ ಗೊತ್ತು!”

ಆದರೆ ಆ ಸುಖದ ಆಯುಷ್ಯ ದಿನದಿನಕ್ಕೆ ಕುಗ್ಗಿತು. ಮೊದಲು ಹತ್ತು ತಾಸು ತೆರೆದಿರುತ್ತಿದ್ದ ಮೂಗು ಆರು ತಾಸಿಗಿಳಿಯಿತು, ಆಮೇಲೆ ಮೂರಕ್ಕೆ. ನಾನು ಹೇಳುವ ಕಾಲಕ್ಕೆ ಮುಕ್ಕಾಲು ತಾಸು. ಚಿಂಚೋಳಿಯಲ್ಲಿ ಸಂಬಂಧಿಕರ ಮದುವೆಗೆ ಹೋದಾಗ, ಊಟದ ಎಲೆಯ ಮುಂದೆ ಕುಳಿತ ಮೇಲೆ ಬಾಟಲಿ ಬರಿದಾದದ್ದು ಗೊತ್ತಾಗಿ, ಬಡಿಸಿದ ಹೋಳಿಗೆಯನ್ನು ಹಾಗೇ ಬಿಟ್ಟು ಎದ್ದು, ತೆರೆದಿರುವ ಔಷಧದಂಗಡಿ ಹುಡುಕುತ್ತ ಊರೆಲ್ಲ ಅಲೆದವನು ಅವನು. ಮದುಮಗಳ ತಂದೆ ಇದನ್ನು ಅವಮಾನವೆಂದೆಣಿಸಿ ಇಂದಿಗೂ ಮಾತು ಬಿಟ್ಟಿದ್ದಾರೆ. ಜಟ್ಟೆಪ್ಪ ಕಾರಣ ಹೇಳಲಿಲ್ಲ. ಹೇಳಿದ್ದರೆ ನಗುತ್ತಿದ್ದರು, ಕಟ್ಟಿದ ಮೂಗಿಗೆ ಮರುಗುವವರು ಲೋಕದಲ್ಲಿ ಕಡಿಮೆ.

ಮೂಗು ಕಟ್ಟಿದವನ ಬಾಯಲ್ಲಿ ಅನುನಾಸಿಕಗಳು ಬದುಕುವುದಿಲ್ಲ. ಮಕಾರ ಬಕಾರವಾಗುತ್ತದೆ, ನಕಾರ ದಕಾರವಾಗುತ್ತದೆ, ಣಕಾರ ಡಕಾರವಾಗುತ್ತದೆ. ಅವನ ಮಾತನ್ನು ನಾನಿಲ್ಲಿ ತಿದ್ದಿ ಬರೆಯುತ್ತಿದ್ದೇನೆ. ನಿಜದಲ್ಲಿ ಹನಿ ಬೀಳದ ಹೊತ್ತಿನಲ್ಲಿ ಅವನು ನನಗೆ ಮಾಡುತ್ತಿದ್ದ ನಮಸ್ಕಾರ ‘ದಬಸ್ಕಾರ’ವಾಗಿತ್ತು. ಆದ್ದರಿಂದಲೇ ಪ್ರತಿ ಪುಕಾರಿಗೆ ಮೊದಲು ಅವನು ಕಂಬದ ಮರೆಗೆ ಸರಿದು, ತಲೆ ಹಿಂದಕ್ಕೆ ಚೆಲ್ಲಿ, ಹನಿ ಬಿಟ್ಟುಕೊಂಡು, ಕಣ್ಣೊರೆಸಿಕೊಂಡು ಬಾಗಿಲಿಗೆ ಬರುತ್ತಿದ್ದ. ಇದನ್ನು ಬಲ್ಲವರು ಮೂವರೇ: ಅಂಬುಬಾಯಿ, ವಾಡಿಯಲ್ಲಿ ಔಷಧದಂಗಡಿ ಇಟ್ಟಿರುವ ಅಬ್ದುಲ್ ಮಜೀದ, ಮತ್ತು ಕಂಬದ ಮರೆಯಲ್ಲಿ ಎಲೆಯಡಿಕೆ ಹಾಕಿಕೊಳ್ಳುವ ಚಟವಿದ್ದ ನಾನು. ದನಿಗೆಟ್ಟ ಗಂಟೆಯನ್ನು ಯಾರೂ ದೇವಸ್ಥಾನದಲ್ಲಿ ಇಟ್ಟುಕೊಳ್ಳುವುದಿಲ್ಲ ಎನ್ನುವ ಭಯ ಅವನದು. “ಪುಕಾರ ಹೋದ್ರ ನೌಕರಿ ಹೋತ್ರಿ ಸಾಹೇಬ್ರ. ಯಾರಿಗೂ ಅನಬ್ಯಾಡ್ರಿ,” ಎಂದು ಕೈ ಹಿಡಿದಿದ್ದ. ನಾನೂ ಅನ್ನಲಿಲ್ಲ. ಹಾಗೆ ಅನ್ನದೆ ಇದ್ದದ್ದರ ಫಲ ನನ್ನ ಕಕ್ಷಿದಾರಳ ಮೇಲೆಯೇ ಬಂತು.

ಅವಳು ಮಾಣಿಕಮ್ಮ; ಕಾಗಿಣಾ ಹೊಳೆಯ ದಂಡೆಯ ಹಳ್ಳಿಯ ವಿಧವೆ. ಗಂಡ ನಿಂಗಣ್ಣ ಕಟ್ಟಿಸಿದ ಎರಡು ಅಂಕಣದ ಮನೆಯನ್ನು ಕೆಡವಿ ಜಾಗ ಸೇರಿಸಿಕೊಳ್ಳಲು ಹೊರಟ ಮೈದುನ ಸಿದ್ಧಲಿಂಗನ ವಿರುದ್ಧ ಅವಳು ದಾವೆ ಹೂಡಿದ್ದಳು. ನಾನು ತಡೆಯಾಜ್ಞೆ ತಂದುಕೊಟ್ಟಿದ್ದೆ. ಆ ಒಂದು ಹಾಳೆಯ ಬಲದ ಮೇಲೆ ಮನೆಯ ಗೋಡೆಗಳು ನಿಂತಿದ್ದವು. ಅಕ್ಟೋಬರಿನ ಆ ಶುಕ್ರವಾರ ಅವಳ ತಾರೀಕು. ನಾನು ಕಲಬುರಗಿಯಿಂದ ಹೊರಟ ರೈಲು ದಾರಿಯಲ್ಲಿ ಎರಡು ತಾಸು ನಿಂತುಬಿಟ್ಟಿತು. ದೂರವಾಣಿಯಲ್ಲಿ ನನ್ನ ಕಿರಿಯ ವಕೀಲನಿಗೆ ತಿಳಿಸೋಣವೆಂದರೆ ಸಿಗ್ನಲ್ ಇಲ್ಲ. ಕಿಟಕಿಯಾಚೆ ಹೂಬಿಡಲು ಅಣಿಯಾದ ತೊಗರಿಯ ಹೊಲಗಳನ್ನು ನೋಡುತ್ತ, ಗಡಿಯಾರ ನೋಡುತ್ತ, ನಾನು ಕುಳಿತಲ್ಲೇ ಬೆವತೆ.

ಒಂದು ಗಂಟೆಗೆ ನ್ಯಾಯಾಲಯ ಸೇರಿದಾಗ ಮಾಣಿಕಮ್ಮ ಆವರಣದ ಬೇವಿನ ಮರದ ಕೆಳಗೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಶಾಂತವಾಗಿ ಕೂತಿದ್ದಳು.

“ಬಂದ್ರ್ಯಾ? ಛಲೋ ಆಯ್ತು. ಇನ್ನಾ ನನ್ನ ಹೆಸರು ಕರದಿಲ್ರಿ,” ಎಂದಳು.

ಒಳಗೆ ಹೋಗಿ ಕೇಳಿದೆ. ಹನ್ನೊಂದೂವರೆಗೆ ಮೂರು ಸಲ ಕೂಗಲಾಗಿತ್ತು. ವಾದಿಯೂ ಇಲ್ಲ, ವಾದಿಯ ವಕೀಲರೂ ಇಲ್ಲ. ದಾವೆ ವಜಾ. ಅದರೊಡನೆ ತಡೆಯಾಜ್ಞೆಯೂ ಮುಗಿದಿತ್ತು. ಸಿದ್ಧಲಿಂಗ ಆ ಮಾತು ಕೇಳಿದೊಡನೆ ಮೋಟರ್‌ಸೈಕಲ್ ಹತ್ತಿ ಊರಿಗೆ ಹೊರಟುಹೋದನೆಂದು ಚಹಾದಂಗಡಿಯವನು ಹೇಳಿದ. ನಾಳೆ ಎರಡನೆಯ ಶನಿವಾರ, ನಾಡಿದ್ದು ಭಾನುವಾರ. ಎರಡು ದಿನ ಬಾಗಿಲು ಮುಚ್ಚಿದ ನ್ಯಾಯಾಲಯ. ಊರಲ್ಲಿ ಬಾಡಿಗೆಗೆ ಸಿಗುವ ಜೆಸಿಬಿ.

ಮರದ ಕೆಳಗೆ ಬಂದು ಹೇಳಿದಾಗ ಮಾಣಿಕಮ್ಮನಿಗೆ ಅರ್ಥವೇ ಆಗಲಿಲ್ಲ. “ನಾ ಒಂಬತ್ತಕ್ಕೇ ಬಂದು ಕುಂತೀನ್ರಿ. ನೀರು ಕುಡೀಲಾಕ ಸೈತ ಎದ್ದಿಲ್ಲ. ಯಾರೋ ಬಾಡಿಕಬ್ಬ ಅಂತ ಕರದ್ರು. ಮೂರ್ ಸರ್ತಿ ಕರದ್ರು. ಪಾಪ, ಆಕಿ ಯಾಕ ಬರ್ಲಿಲ್ಲೇನೋ ಅಂತ ನಾನೇ ಮರಗಿದೆ.”

ಹೇಳುತ್ತ ಹೇಳುತ್ತ ಅವಳ ಮುಖದ ಮೇಲಿನ ರಕ್ತ ಇಳಿಯಿತು. ಆ ಬಾಡಿಕಬ್ಬ ತಾನೇ ಎಂಬುದು ಅವಳಿಗೆ ಆಗ ಹೊಳೆದಿತ್ತು.

ಜಟ್ಟೆಪ್ಪ ಕಂಬದ ಬಳಿ ನಿಂತಿದ್ದ. ಹಿಂದಿನ ದಿನ ಸಂಜೆಗೇ ಬಾಟಲಿ ಮುಗಿದಿತ್ತು. ಅಬ್ದುಲ್ ಮಜೀದರ ಮನೆಯಲ್ಲಿ ಮದುವೆ, ಅಂಗಡಿ ಮುಚ್ಚಿತ್ತು. ಬೆಳಿಗ್ಗೆ ಬಸ್ಸಿಳಿದು ಬೇರೆಡೆ ಹುಡುಕುವಷ್ಟು ಹೊತ್ತಿರಲಿಲ್ಲ. ಕಟ್ಟಿದ ಮೂಗಿನಲ್ಲೇ ಆ ದಿನದ ಪುಕಾರು ಮಾಡಿದ್ದ. ಮಿಕ್ಕವರು ಹೇಗೋ ತಮ್ಮ ಹೆಸರನ್ನು ಗುರುತಿಸಿಕೊಂಡು ಬಂದಿದ್ದರು. ನಾನು ಸಿಟ್ಟಿನಲ್ಲಿ ಎರಡು ಮಾತು ಒರಟಾಗಿ ಆಡಿದೆ. ಅವನ ಕೈಯಲ್ಲಿ ಊಟದ ಬಿಡುವಿನಲ್ಲಿ ತಂದ ಹೊಸ ಬಾಟಲಿ ಇತ್ತು, ಮುಚ್ಚಳವಿನ್ನೂ ಒಡೆದಿರಲಿಲ್ಲ. ಅದನ್ನು ತೆರೆಯದೆಯೇ ಅವನು ಒಳಕಿಸೆಗೆ ಇಳಿಸಿದ.

ಮೂರು ಗಂಟೆಗೆ ದಾವೆಯನ್ನು ಮರಳಿ ದಾಖಲಿಸಿಕೊಳ್ಳಬೇಕೆಂಬ ಅರ್ಜಿಯೊಡನೆ ನಿಂತೆ. ನ್ಯಾಯಾಧೀಶರು ದಕ್ಷಿಣದ ಜಿಲ್ಲೆಯಿಂದ ಬಂದ ತರುಣಿ, ನಿಷ್ಠುರರು.

“ಮೂರು ಸಲ ಕರೆಸಿದ್ದೇನೆ. ನಿಮ್ಮ ಕಕ್ಷಿದಾರರು ಆವರಣದಲ್ಲೇ ಇದ್ದರೆ ಯಾಕೆ ಬರಲಿಲ್ಲ?” ಎಂದು ಕೇಳಿದರು.

ನಾನು ತಡವರಿಸಿದೆ. ರೈಲಿನ ಮಾತು ನನ್ನ ಗೈರುಹಾಜರಿಗೆ ಉತ್ತರವೇ ಹೊರತು ಅವಳದಕ್ಕಲ್ಲ. ಸತ್ಯ ನಾಲಿಗೆಯ ತುದಿಯಲ್ಲಿತ್ತು. ಅದನ್ನಾಡಿದರೆ ಹಿಂದಿನ ಬಾಗಿಲಲ್ಲಿ ನಿಂತವನ ಅನ್ನಕ್ಕೆ ನಾನೇ ಕಲ್ಲು ಹಾಕಿದಂತೆ. ಆ ಕ್ಷಣದ ನನ್ನ ಮೌನವನ್ನು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ. ಯಾಕೆಂದರೆ ಅದು ಕರುಣೆಯೋ ಹೇಡಿತನವೋ ನನಗೇ ಗೊತ್ತಿಲ್ಲ.

ಹಿಂದಿನಿಂದ ಪಾದರಕ್ಷೆಯ ಸದ್ದು ಕೇಳಿತು. ಜಟ್ಟೆಪ್ಪ ಬಾಗಿಲು ಬಿಟ್ಟು ನ್ಯಾಯಾಲಯದ ನಡುವಿಗೆ ಬಂದಿದ್ದ.

“ತಪ್ಪು ಆ ಹೆಣ್ಣಮಗಳದಲ್ರಿ. ನಂದ್ರಿ. ನನ್ನ ಮೂಗಿಂದ್ರಿ,” ಎಂದ.

ಯಾರೋ ಕಿಸಕ್ಕನೆ ನಕ್ಕರು. ನ್ಯಾಯಾಧೀಶರು ಲೇಖನಿ ಕೆಳಗಿಟ್ಟರು. “ಬೆಳಿಗ್ಗೆ ಹೇಗೆ ಕೂಗಿದೆಯೋ ಹಾಗೆ ಕೂಗು, ಕೇಳೋಣ.”

ಅವನ ಬಲಗೈ ಎದೆಯ ಕಡೆ ಹೋಯಿತು. ಒಳಕಿಸೆಯಲ್ಲಿ ತುಂಬಿದ ಬಾಟಲಿಯಿತ್ತು. ಒಂದು ನಿಮಿಷ ಹೊರಗೆ ಹೋಗಿಬರುತ್ತೇನೆಂದು ಕೇಳಿ ಕಂಬದ ಮರೆಗೆ ಸರಿದಿದ್ದರೆ, ಎರಡು ಹನಿಯಲ್ಲಿ ‘ಮಾಣಿಕಮ್ಮ ಗಂಡ ನಿಂಗಣ್ಣ’ ಎಂಬ ದಾಖಲೆಯ ಹೆಸರು ಮಣಿಯಷ್ಟು ಸ್ಪಷ್ಟವಾಗಿ ಬರುತ್ತಿತ್ತು. ಸುಳ್ಳುಗಾತಿ ಎನಿಸಿಕೊಂಡು ಅವಳು ಬರಿಗೈಯಲ್ಲಿ ಊರಿಗೆ ಹೋಗುತ್ತಿದ್ದಳು. ಅವನು ಕೈಯನ್ನು ಕೆಳಗಿಳಿಸಿದ. ಬಾಗಿಲಿಗೆ ಹೋಗಿ, ಗದ್ದವೆತ್ತಿ, ಒಂಬತ್ತು ವರ್ಷ ಯಾರಿಗೂ ಕೇಳದಂತೆ ಬಚ್ಚಿಟ್ಟಿದ್ದ ಧ್ವನಿಯಲ್ಲಿ ಕೂಗಿದ:

“ಬಾಡಿಕಬ್ಬ ಗಡ್ಡ ದಿಗ್ಗಡ್ಡಾ!”

ನಗು ಎದ್ದಿತು. ಅವನು ಎರಡನೆಯ ಸಲ ಕೂಗಿದ. ನಗು ತಗ್ಗಿತು. ಮೂರನೆಯ ಸಲ ಕೂಗುವಾಗ ಅವನ ಕಣ್ಣಿಂದ ನೀರು ಇಳಿಯುತ್ತಿತ್ತು. ಸಿದ್ಧಲಿಂಗನ ಪರ ವಕೀಲರು ವಯೋವೃದ್ಧರು. ಅವರೇ ಎದ್ದು ನಿಂತು, “ಅರ್ಜಿಗೆ ನನ್ನ ಅಭ್ಯಂತರವಿಲ್ಲ,” ಎಂದರು.

ದಾವೆ ಮರುಜೀವ ಪಡೆಯಿತು, ತಡೆಯಾಜ್ಞೆ ಮುಂದುವರಿಯಿತು. ಆ ವೃದ್ಧ ವಕೀಲರೇ ತಮ್ಮ ಕಕ್ಷಿದಾರನಿಗೆ ಫೋನು ಮಾಡಿ ಗದರಿದರು. ಅಷ್ಟರಲ್ಲಿ ಸಿದ್ಧಲಿಂಗ ದನದ ಕೊಟ್ಟಿಗೆಯ ಒಂದು ಗೋಡೆಯನ್ನು ಉರುಳಿಸಿಯಾಗಿತ್ತು. ಮನೆ ಉಳಿಯಿತು. ಕೊಟ್ಟಿಗೆಯ ಆ ಗೋಡೆ ಇನ್ನೂ ಎದ್ದಿಲ್ಲ.

ಜಟ್ಟೆಪ್ಪನಿಗೆ ಕಾರಣ ಕೇಳುವ ನೋಟೀಸು ಬಂತು. ಪುಕಾರಿನಿಂದ ತೆಗೆದು ಟಪಾಲಿಗೆ ಹಾಕಿದರು. ವೈದ್ಯರ ಪ್ರಮಾಣಪತ್ರ ತರಬೇಕೆಂದರು. ನಾನೇ ಅವನನ್ನು ವೈದ್ಯೆ ಪೂನಮ್ ಅವರ ಹತ್ತಿರ ಕರೆದುಕೊಂಡು ಹೋದೆ. ಶಹಾಬಾದಿನಲ್ಲಿ ಹುಟ್ಟಿ ಬೆಳೆದ ಈ ತರುಣ ವೈದ್ಯೆಗೆ ನಮ್ಮ ಕಡೆಯ ಮಾತೂ ಗೊತ್ತು, ಮೊಂಡುತನವೂ ಗೊತ್ತು. ಮೂಗಿನೊಳಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿ, ಬಾಟಲಿಯನ್ನು ಕೈಗೆತ್ತಿಕೊಂಡರು.

“ಕಾಕಾ, ಇದನ್ನ ಐದು ದಿನದಕಿಂತ ಜಾಸ್ತಿ ಹಾಕಬಾರದು. ನೀವು ಒಂಬತ್ತು ವರ್ಷ ಹಾಕೀರಿ. ಮೊದಲ ನೆಗಡಿ ಬಂದು ಮೂಗು ಕಟ್ಟಿತ್ತು, ಖರೆ. ಈಗ ಈ ಬಾಟ್ಲಿನೇ ಕಟ್ಟಲಾಕತ್ತದ. ಇದನ್ನ ಬಿಡಬೇಕು.”

“ಬಿಟ್ರ ಸಾಯ್ತೀನವ್ವಾ.”

“ಮೂಗು ಕಟ್ಟಿ ಯಾರೂ ಸಾಯಂಗಿಲ್ಲ ಕಾಕಾ. ಬಾಯಿ ಅದ ಅಲ್ಲ ಉಸುರಾಡ್ಸಲಾಕ?”

“ಬಾಯಿ ಇದ್ದೂ ಸತ್ತವನ್ನ ನಾ ನೋಡೀನಿ,” ಎಂದ ಜಟ್ಟೆಪ್ಪ.

ಇಷ್ಟು ವರ್ಷಗಳಲ್ಲಿ ನಾನು ಕೇಳದೆ ಇದ್ದ ಮಾತು ಆಗ ಹೊರಬಂತು. ಅವನ ತಂದೆ ಶಹಾಬಾದಿನಲ್ಲಿ ಫರ್ಸಿಗೆ, ಎಂದರೆ ಹಾಸುಗಲ್ಲಿಗೆ, ಪಾಲಿಶ್ ಹಿಡಿಯುವ ಕೆಲಸಗಾರ. ಇಪ್ಪತ್ತು ವರ್ಷ ಕಲ್ಲಿನ ಬೂದಿಯಂಥ ಧೂಳು ಕುಡಿದ ಎದೆ ಕೊನೆಗೆ ಗಾಳಿಯನ್ನು ಒಳಗೆ ಬಿಟ್ಟುಕೊಳ್ಳದಾಯಿತು. ಒಂದು ಮಧ್ಯಾಹ್ನ, ಹತ್ತೊಂಬತ್ತರ ಜಟ್ಟೆಪ್ಪ ರಟ್ಟಿನ ತುಂಡಿನಿಂದ ಗಾಳಿ ಬೀಸುತ್ತಿರುವಾಗಲೇ ತಂದೆ ಹೋದ. “ಕಿಡಕಿ ತೆಗಿ ಅಂದ. ಕಿಡಕಿ ತೆರದೇ ಇತ್ರಿ. ತೆಗದೀನಿ ಅಂದೆ. ಇನ್ನಾ ತೆಗಿ ಅಂದ.”

ಪೂನಮ್ ಅವನ ಎದೆಗೆ ಸ್ಟೆತಸ್ಕೋಪು ಇಟ್ಟು, ಮುಂದೆ, ಹಿಂದೆ, ಪಕ್ಕದಲ್ಲಿ, ಬಹಳ ಸಾವಧಾನವಾಗಿ ಕೇಳಿದರು. ಅದು ಅಗತ್ಯಕ್ಕಿಂತ ದೀರ್ಘವಾಗಿತ್ತೆಂದು ನನಗೆ ತೋರಿತು. ಆದರೆ ಆ ದೀರ್ಘತೆಯೇ ಚಿಕಿತ್ಸೆಯ ಅರ್ಧಭಾಗವಾಗಿತ್ತು. “ನಿಮ್ಮಪ್ಪಂದು ಎದಿ ಕೆಟ್ಟಿತ್ತು. ನಿಮ್ಮ ಎದಿ ಗಟ್ಟಿ ಅದ. ನಿಮ್ದು ಮೂಗಿನ ಬ್ಯಾನಿ. ಎರಡೂ ಬ್ಯಾರೆ ಬ್ಯಾರೆ.”

ಒಮ್ಮೆಗೇ ಬಿಡುವುದು ಬೇಡ, ಮೊದಲು ಎಡ ಹೊಳ್ಳೆಗೆ ಹನಿ ನಿಲ್ಲಿಸಿ, ಅದು ತೆರೆದ ಮೇಲೆ ಬಲಕ್ಕೆ ನಿಲ್ಲಿಸಿ ಎಂದರು. ಒಳಗಿನ ಬಾವು ಇಳಿಸಲು ಬೇರೊಂದು ಸ್ಪ್ರೇ ಬರೆದುಕೊಟ್ಟು, ಅದು ನಿಧಾನ, ಹಾಕಿದ ಕೂಡಲೇ ಸುಖ ಕೊಡುವುದಿಲ್ಲ ಎಂದು ಮೊದಲೇ ಎಚ್ಚರಿಸಿದರು. ಕುದಿಸಿ ಆರಿಸಿದ ನೀರಿಗೆ ಉಪ್ಪು ಬೆರೆಸಿ ಮೂಗು ತೊಳೆಯುವುದನ್ನು ತಾವೇ ನಿಂತು ಕಲಿಸಿದರು.

ಆ ದಿನಗಳಲ್ಲಿ ಜಟ್ಟೆಪ್ಪ ಸಂಜೆ ನನ್ನ ಕಚೇರಿಯ ಬಾಗಿಲಲ್ಲಿ ಬಂದು ಕೂರುತ್ತಿದ್ದ. ಎಡ ಹೊಳ್ಳೆ ಪೂರ್ಣ ಮುಚ್ಚಿ, ಆ ಕಡೆಯ ಕಿವಿ, ಹಲ್ಲು, ಹುಬ್ಬು ಎಲ್ಲ ಭಾರವಾಗಿ, ಅರ್ಧ ಮುಖವನ್ನು ಯಾರೋ ಹೂತಿಟ್ಟಂತಾಗಿದೆ ಎನ್ನುತ್ತಿದ್ದ. ತುತ್ತು ಬಾಯಲ್ಲಿದ್ದಾಗ ಉಸಿರಾಡಲಾಗದೆ ಬೆಚ್ಚಿ ತಟ್ಟೆ ತಳ್ಳುತ್ತಿದ್ದ. ನಾಡಿ ಹಿಡಿದು ನೋಡಿರೆಂದು ನನ್ನ ಮುಂದೆ ಕೈ ಚಾಚುತ್ತಿದ್ದ. ನಾನು, ನಾಡಿ ನೋಡಲು ಬಾರದವನು, ಗಂಭೀರವಾಗಿ ಹಿಡಿದು “ಸರಿ ಅದ” ಎನ್ನುತ್ತಿದ್ದೆ. ಅಂಬುಬಾಯಿ ಹಬೆಯಾಡುವ ನೀರಿನ ಬೋಗುಣಿಯ ಮುಂದೆ ಅವನನ್ನು ಕೂರಿಸಿ, ತಲೆಯ ಮೇಲೆ ಚಾದರ ಹೊದೆಸಿದರೆ, ಹೊದಿಕೆಯೊಳಗೆ ಗಾಳಿಯಿಲ್ಲವೆಂದು ಕಿತ್ತೆಸೆದು ಅಂಗಳಕ್ಕೆ ಓಡಿಬರುತ್ತಿದ್ದನಂತೆ.

ಒಂಬತ್ತನೆಯ ದಿನಕ್ಕೆ ಎಡ ಹೊಳ್ಳೆಯಲ್ಲಿ ಎಳೆಯಷ್ಟು ಗಾಳಿ ಹರಿಯಿತು. ಬಲಕ್ಕೂ ನಿಲ್ಲಿಸಬೇಕಾದ ದಿನ ಬಂತು. ಕಿಸೆಯಲ್ಲಿ ಬಾಟಲಿಯಿಲ್ಲದೆ ಹೊರಟ ಆ ಮೊದಲ ದಿನ, ಮಧ್ಯಾಹ್ನವಾಗುವಷ್ಟರಲ್ಲಿ ಅವನ ಧೈರ್ಯ ಕುಸಿಯಿತು. ಟಪಾಲಿನ ಚೀಲವನ್ನು ಹೆಗಲಲ್ಲಿಟ್ಟುಕೊಂಡೇ ಬಸ್ಸು ಹತ್ತಿ ವಾಡಿಗೆ ಹೋಗಿ, ಅಬ್ದುಲ್ ಮಜೀದರ ಅಂಗಡಿಯ ಮುಂದೆ ನಿಂತ. ಮುಂದಿನದನ್ನು ನನಗೆ ಹೇಳಿದವರು ಮಜೀದರೇ.

“ಮಜೀದಭಾಯಿ, ಒಂದು ಬಾಟ್ಲಿ.”

“ಕೊಡಂಗಿಲ್ಲ. ಅಂಬುಬಾಯಿ ಬಂದು ಹೇಳಿ ಹೋಗ್ಯಾಳ.”

“ಜೀವ ಹೋಗ್ಲಾಕತ್ತದೋ!”

“ಹೌದಾ? ಹಂಗಾದ್ರ ಕುಂದ್ರು. ಅರ್ಧ ತಾಸು ನನ್ ಬಾಜೂ ಕುಂದ್ರು. ಆಮ್ಯಾಲೂ ಬೇಕಂದ್ರ ನಾನೇ ಬ್ಯಾರೆ ಅಂಗಡಿ ತೋರಸ್ತೀನಿ.”

ಮಜೀದರು ಸ್ಟೂಲು ಎಳೆದು, ಬಂದ ಗಿರಾಕಿಗಳನ್ನು ಕಾಯಿಸಿ, ಅವನ ಪಕ್ಕದಲ್ಲೇ ಕುಳಿತರು. ಜಟ್ಟೆಪ್ಪ ಎರಡೂ ಕೈಯಿಂದ ಸ್ಟೂಲಿನ ಅಂಚು ಹಿಡಿದು ಬಾಯಿಂದ ಉಸಿರೆಳೆಯುತ್ತಿದ್ದ. ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ಹತ್ತು ನಿಮಿಷ ಕಳೆಯಿತು. ಒಂದು ರೈಲು ಬಂತು, ಹೋಯಿತು. ಮಜೀದರು ಅವನ ಬೆನ್ನ ಮೇಲಿಟ್ಟ ಅಂಗೈ ತೆಗೆಯಲಿಲ್ಲ. ಅರ್ಧ ತಾಸು ಮುಗಿದಾಗ ಜಟ್ಟೆಪ್ಪ ಸುತ್ತ ನೋಡಿ, ಆಶ್ಚರ್ಯದಿಂದ, “ಏನೂ ಆಗ್ಲಿಲ್ಲಲ್ಲೋ,” ಎಂದನಂತೆ. ಮೂಗು ಆಗಲೂ ಮುಚ್ಚಿಯೇ ಇತ್ತು.

ಇಪ್ಪತ್ತಮೂರನೆಯ ದಿನ ನನ್ನ ಕಚೇರಿಗೆ ಬಂದವನು ಬಾಗಿಲಲ್ಲೇ ನಿಂತು, ತಲೆಯನ್ನು ಅತ್ತಿತ್ತ ತಿರುಗಿಸಿ, “ಸಾಹೇಬ್ರ, ನಿಮ್ಮ ಕಪಾಟಿನ್ಯಾಗ ಇಲಿ ಉಚ್ಚಿ ಹೊಯ್ದಾವ ನೋಡ್ರಿ,” ಎಂದ. ಅಷ್ಟು ಸಂಭ್ರಮದಿಂದ ಆ ವಾರ್ತೆಯನ್ನು ನನಗೆ ಯಾರೂ ತಿಳಿಸಿರಲಿಲ್ಲ. ಒಂಬತ್ತು ವರ್ಷಗಳಲ್ಲಿ ಹನಿಯ ನೆರವಿಲ್ಲದೆ ಅವನ ಮೂಗಿಗೆ ಬಂದ ಮೊದಲ ವಾಸನೆ ಅದು. ಅವನು ನಕ್ಕ, ಆಮೇಲೆ ಗೋಡೆಯ ಕಡೆ ತಿರುಗಿ ಅತ್ತ.

ಎಚ್ಚರಿಕೆಯೊಂದಿಗೆ ನೋಟೀಸಿನ ವಿಚಾರಣೆ ಮುಗಿಯಿತು. ಜನವರಿಯಲ್ಲಿ ಅವನನ್ನು ಮತ್ತೆ ಪುಕಾರಿಗೆ ಹಾಕಿದರು. ಧ್ವನಿ ಹಳೆಯದರಷ್ಟಿಲ್ಲ, ಬಸ್‌ನಿಲ್ದಾಣಕ್ಕೆ ಮುಟ್ಟುವುದಿಲ್ಲ, ಆವರಣಕ್ಕೆ ಮುಟ್ಟುತ್ತದೆ, ಅಷ್ಟು ಸಾಕು. ಮಳೆ ಮುಗಿದು ಹುಲ್ಲು ಹೂವಾಡಿದರೆ ಸೀನು ಈಗಲೂ ತಪ್ಪಿಲ್ಲ. ಈ ವರ್ಷವೂ ನಾಲ್ಕು ದಿನ ಮೂಗು ಕಟ್ಟಿತು. ಆ ನಾಲ್ಕು ದಿನವೂ ಅವನು ತಾನಾಗಿಯೇ ಶಿರಸ್ತೇದಾರರ ಬಳಿ ಹೋಗಿ, “ಇವತ್ತ ಬ್ಯಾರೆಯವ್ರು ಕೂಗ್ಲಿರಿ, ನನ್ನ ಮೂಗು ಸರಿ ಇಲ್ಲ,” ಎಂದು ಹೇಳಿ ಬಂದ. ಭಯ ಹೋಗಿದೆಯೇ ಎಂದು ಒಮ್ಮೆ ಕೇಳಿದೆ. “ಇಲ್ರಿ, ಅದ. ಬರ್ತದ. ಬಂದಾಗ ಕುಂದ್ರತೀನಿ,” ಎಂದ.

ನಾವು ಅಂಜುಬುರುಕರೆಂದು ಹಗುರವಾಗಿ ಕರೆಯುವ ಒಂದು ಬಗೆಯ ಜನರಿದ್ದಾರೆ. ತಮ್ಮ ಸುತ್ತಲಿನ ಪ್ರತಿಯೊಂದು ಬಾಗಿಲೂ ಮುಚ್ಚಿಕೊಳ್ಳಬಹುದೆಂದು ಮೊದಲೇ ಕಂಡುಕೊಂಡವರು ಅವರು. ನಾವು ಗಮನಿಸದೆ ಎಳೆದುಕೊಳ್ಳುವ ಉಸಿರನ್ನು ಒಂದೊಂದಾಗಿ ಗಳಿಸುವವರು. ಅವರ ಮುಂದೆ ನಾವು ಧೈರ್ಯಶಾಲಿಗಳಂತೆ ಕಾಣುತ್ತೇವೆ, ಏಕೆಂದರೆ ಕಳೆದುಕೊಳ್ಳುವುದೆಂದರೆ ಏನೆಂಬುದು ನಮಗೆ ಬಹುಮಟ್ಟಿಗೆ ತಿಳಿದಿಲ್ಲ. ಅವರಿಗದು ತಿಳಿದಿದೆ, ದಿನವೂ ತಿಳಿದಿದೆ. ಆದ್ದರಿಂದ, ನನ್ನಂಥ ಮಾತುಗಾರ ಬಾಯಿಮುಚ್ಚಿ ನಿಂತ ಹೊತ್ತಿನಲ್ಲಿ, ಇನ್ನೊಬ್ಬರ ಮನೆಯ ಗೋಡೆ ಉಳಿಯಲೆಂದು ಅಂಥವರಲ್ಲೊಬ್ಬ ನಡುಗುತ್ತಲೇ ಎದ್ದು ಬಂದು ತನ್ನ ಅವಮಾನವನ್ನು ತಾನೇ ಕೂಗಿ ಹೇಳಿದಾಗ, ಅದಕ್ಕೆ ತಕ್ಕ ಹೆಸರು ನನಗೆ ತಿಳಿದ ಮಾತುಗಳಲ್ಲಿ ಸಿಕ್ಕುವುದಿಲ್ಲ. ಅಂಜಿಕೆ ಅವರನ್ನು ಬಿಟ್ಟುಹೋಗುವುದಿಲ್ಲ. ಅವರು ಅದನ್ನು ಜೊತೆಗೆ ಕರೆದುಕೊಂಡೇ ಬರುತ್ತಾರೆ.